ಹನ್ನೊಂದನೇ ಓಣಿಯ ಬಿಸಿಲು

ನಮ್ಮ ಊರಿನಲ್ಲಿ ಹನ್ನೊಂದು ಓಣಿಗಳಿವೆ. ಬಿಸಿಲು ಒಂದು ಹೊತ್ತಿಗೆ ಒಂದೇ ಓಣಿಯಲ್ಲಿ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಮೊದಲನೇ ಓಣಿಗೆ ಬರುತ್ತದೆ, ಸಂಜೆ ಆರಕ್ಕೆ ಎಲ್ಲಿರುತ್ತದೋ ಅಲ್ಲೇ ಮುಳುಗುತ್ತದೆ. ಉಳಿದ ಓಣಿಗಳಲ್ಲಿ ಕತ್ತಲೆಯೇನೂ ಇರುವುದಿಲ್ಲ, ಮೋಡ ಕವಿದ ದಿನದಂಥ ಬೆಳಕಿರುತ್ತದೆ. ಆ ಬೆಳಕಿನಲ್ಲಿ ಪೇಪರು ಓದಬಹುದು, ಹಪ್ಪಳ ಒಣಗಿಸಲಾಗುವುದಿಲ್ಲ. ಒಂದು ಓಣಿಯ ಮನೆಗಳೆಲ್ಲ ಬಾಗಿಲು ಹಾಕಿಕೊಂಡರೆ ಬಿಸಿಲು ಮುಂದಿನ ಓಣಿಗೆ ಹೋಗುತ್ತದೆ. ಒಂದು ಬಾಗಿಲು ತೆರೆದಿದ್ದರೂ ಕದಲುವುದಿಲ್ಲ. ಪುರಸಭೆಯ ಗೋಡೆಯ ಮೇಲೆ ಬೋರ್ಡು ಬರೆಸಿದ್ದಾರೆ: ಮೊದಲನೇ ಓಣಿ ಏಳರಿಂದ ಎಂಟು, ಎರಡನೇ ಓಣಿ ಎಂಟರಿಂದ ಒಂಬತ್ತು, ಹೀಗೆ ಓಣಿಗೆ ಒಂದೊಂದು ತಾಸು. ಕೊನೆಯದು ಕುಂಬಾರರ ಓಣಿ, ಐದರಿಂದ ಆರು. ಕ್ಷೌರದ ಮಾನಪ್ಪ ಕುರ್ಚಿ ಹೊತ್ತುಕೊಂಡು ಬಿಸಿಲಿನ ಹಿಂದೆ ಓಣಿಯಿಂದ ಓಣಿಗೆ ಹೋಗುತ್ತಾನೆ. ಹೆಣ್ಣು ಕೊಡುವವರು ಹೊಲಮನೆಗಿಂತ ಮೊದಲು ಎಷ್ಟನೇ ಓಣಿ ಎಂದು ಕೇಳುತ್ತಾರೆ, ಮಧ್ಯಾಹ್ನದ ಓಣಿಯಾದರೆ ಬಟ್ಟೆ ಬೇಗ ಒಣಗುತ್ತದೆ ಎಂದು.

ನನ್ನ ಹೆಸರು ಗುರುಪಾದ. ಮೂರನೇ ಓಣಿಯಲ್ಲಿ ಅವ್ವನ ಜೊತೆ ಇದ್ದೇನೆ. ಕುಂಬಾರರ ಓಣಿ ದಾಟಿದರೆ ಸಿಗುವ ಬಾಯ್ಲರ್ ಮನೆಯಲ್ಲಿ ಆಪರೇಟರ್ ಆಗಿದ್ದೆ. ಕಲ್ಲಿದ್ದಲು ಉರಿಸಿ ಊರಿಗೆ ಕರೆಂಟು ಕೊಡುವುದು ನಮ್ಮ ಕೆಲಸ, ಇಪ್ಪತ್ತಾರು ಜನ. ಆ ಬಾಯ್ಲರನ್ನು ಯುಗಾದಿ ಮುಗಿದ ಮೊದಲ ಸೋಮವಾರ ನಿಲ್ಲಿಸಬೇಕೆಂದು ಸರಕಾರ ಆದೇಶ ಮಾಡಿತು. ಮನೆಯ ದೀಪ, ಫ್ಯಾನಿಗೆ ರಾಜಧಾನಿಯಿಂದ ತಂತಿ ಎಳೆಯುತ್ತೇವೆ, ಆದರೆ ನದಿಯಿಂದ ಕುಡಿಯುವ ನೀರು ಎತ್ತುವ ದೊಡ್ಡ ಪಂಪಿಗೆ ಆ ತಂತಿ ಸಾಲದು, ಅದನ್ನು ನಿಮ್ಮ ಬಿಸಿಲಿನಲ್ಲೇ ನಡೆಸಿಕೊಳ್ಳಿ ಎಂದಿತು. ಅದು ಹೇಗೆಂದು ಲೆಕ್ಕ ಹಾಕಲು ಸುನಂದಾ ಹಂಚಿನಮನಿಯವರನ್ನು ಕಳಿಸಿತು.

ಅವರು ರಾಜಧಾನಿಯ ಒಂದು ಅಧ್ಯಯನ ಸಂಸ್ಥೆಯವರು. ಏಷ್ಯಾದ ಊರುಗಳು ಕಲ್ಲಿದ್ದಲು ಬಿಟ್ಟು ಬಿಸಿಲಿಗೆ, ಗಾಳಿಗೆ ಹೊರಳುವಾಗ ಯಾರಿಗೆ ಏನಾಗುತ್ತದೆ, ಎಷ್ಟು ಬೇಕಾಗುತ್ತದೆ ಎಂದು ಎಣಿಸಿ ಸರಕಾರಗಳಿಗೆ ಹೇಳುವ ಸಂಸ್ಥೆ ಅದು. ಸುನಂದಾ ಮಂಗೋಲಿಯಾದ ಚಳಿಯಲ್ಲಿ ಮನೆಮನೆಯ ಒಲೆ ಎಣಿಸಿದ್ದರು. ವಿಯೆಟ್ನಾಮಿನ ಒಂದು ಗಣಿಯೂರಿನಲ್ಲಿ ಕೆಲಸ ಹೋದವರ ಅಡುಗೆಮನೆಯಲ್ಲಿ ಕೂತು, ಈಗ ಏನು ಬೇಯಿಸುತ್ತೀರಿ ಎಂದು ಕೇಳಿ ಬರೆದಿದ್ದರು. ನಲವತ್ತೆರಡು ವಯಸ್ಸು, ಬಲಗಾಲಿನ ಮೊಣಕಾಲು ಸರಿಯಿರಲಿಲ್ಲ, ಚೀಲದಲ್ಲಿ ಯಾವಾಗಲೂ ಹುರಿದ ಶೇಂಗಾ. ನಮ್ಮ ಹುಡುಗರು ಅವರನ್ನು ನೋಡಿದ ಮೊದಲ ದಿನವೇ, "ನಮ್ಮ ಗೋರಿ ಅಳತಿ ತಗೊಳ್ಳಾಕ ಬಂದಾಳ," ಎಂದರು. ನಾನೂ ನಕ್ಕೆ.

ಅವರ ಇಬ್ಬರು ಸಹಾಯಕರು ಮನೆಮನೆಗೆ ಹೋಗಿ, ನಿಮ್ಮ ಓಣಿಯಲ್ಲಿ ಬಿಸಿಲು ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ಎಲ್ಲರೂ ಒಂದು ತಾಸು ಎಂದರು. ಹನ್ನೊಂದು ಓಣಿ, ಹನ್ನೊಂದು ತಾಸು. ಲೆಕ್ಕ ಕೂಡಿಸಿದರೆ ಒಂದು ನಿಮಿಷವೂ ಆಚೀಚೆಯಾಗಲಿಲ್ಲ. ಇಷ್ಟು ಸಮನಾಗಿ ಬಿಸಿಲು ಹಂಚಿಕೊಂಡ ಊರನ್ನು ನಾನು ನೋಡಿಲ್ಲ ಎಂದು ಸುನಂದಾ ಬರೆದರು. ಸಂಜೆಯ ಇಳಿಬಿಸಿಲಿನ ಕುಂಬಾರರ ಓಣಿ ಬಿಟ್ಟು ಉಳಿದ ಹತ್ತು ಓಣಿಗಳ ಮಾಳಿಗೆಗಳ ಮೇಲೆ ಸಮನಾಗಿ ಸೋಲಾರ್ ಪ್ಯಾನೆಲ್ ಹಾಕಿದರೆ ಪಂಪು ನಡೆಯುತ್ತದೆ ಎಂದು ವರದಿ ಕೊಟ್ಟು ಹೋದರು. ಹೋಗುವ ಮುಂಚೆ ಪರೀಕ್ಷೆಗೆಂದು ನಮ್ಮ ಮಾಳಿಗೆಯ ಮೇಲೆ ಒಂದು ಪ್ಯಾನೆಲ್, ಒಂದು ಮೀಟರ್ ಕೂರಿಸಿದರು. ಮೀಟರ್ ನೋಡಿ ಬರೆಯುವುದು ನನಗೆ ರೂಢಿಯಿದ್ದ ಕೆಲಸ. ದಿನಾ ಬರೆದು ವಾರಕ್ಕೊಮ್ಮೆ ಕಳಿಸಿದೆ. ಅರವತ್ತು ಬರಬೇಕಿದ್ದಲ್ಲಿ ನಲವತ್ತು ಬರುತ್ತಿತ್ತು.

ಸಂಸ್ಥೆಯ ಇಂಜಿನಿಯರು ಫೋನಿನಲ್ಲಿ ಪ್ಯಾನೆಲ್ ಕೆಟ್ಟಿರಬೇಕು ಎಂದ. ಬೇರೆ ಕಳಿಸಿದ. ಅದೂ ನಲವತ್ತೇ ತೋರಿಸಿತು. ಮೂರನೇ ವಾರ ಸುನಂದಾ ತಾವೇ ಬಸ್ಸಿಳಿದು ನಮ್ಮ ಮನೆಗೆ ಬಂದರು. ವರದಿ ಆಗಲೇ ಛಾಪಿಸಲು ಹೋಗಿತ್ತು. ಹದಿನಾಲ್ಕು ಊರುಗಳ ಅಧ್ಯಯನ, ಅದರಲ್ಲಿ ಮೊದಲನೇ ಅಧ್ಯಾಯ ನಮ್ಮ ಊರಿನದು.

"ಇನ್ನೊಂದ್ ಪ್ಯಾನೆಲ್ ತಂದ್ರೇನ್ರಿ?" ಎಂದು ಕೇಳಿದೆ.

"ಇಲ್ಲ. ನಾನ ಬಂದೇನಿ. ಮಾಳಿಗಿ ಮ್ಯಾಲೆ ಕುಂದರ್ತೀನಿ, ನಡೀತೈತೇನು?"

ಮರುದಿನ ಬೆಳಿಗ್ಗೆ ಏಳಕ್ಕೆ ಮುಂಚೆಯೇ ಏಣಿ ಹತ್ತಿ ಕೂತರು. ಬೋರ್ಡಿನ ಪ್ರಕಾರ ನಮಗೆ ಬಿಸಿಲು ಬರಬೇಕಾದದ್ದು ಒಂಬತ್ತಕ್ಕೆ. ಎಂಟು ಇಪ್ಪತ್ತಕ್ಕೇ ಬಂತು. ಸುನಂದಾ ಕೈಗಡಿಯಾರ ನೋಡಿದರು, ಅಲುಗಿಸಿ ಕಿವಿಗೆ ಹಿಡಿದರು, ನನ್ನದನ್ನೂ ಕೇಳಿ ನೋಡಿದರು. ಸರಿಯಾಗಿ ಒಂಬತ್ತಕ್ಕೆ ಅವ್ವ ಕೆಳಗೆ, "ಕೋಳಿ ಒಳಗ ಬರ್ತಾವ, ಬಾಗ್ಲಾ ಹಾಕ್ರೇ," ಎಂದು ಕೂಗಿ ಬಾಗಿಲು ಎಳೆದುಕೊಂಡಳು. ಎದುರು ಮನೆಯವರು, "ಒಲೀ ಮ್ಯಾಲೆ ಹಾಲಿಟ್ಟೇನಿ," ಎಂದು ಒಳಗೆ ಹೋದರು. ಪಕ್ಕದವರು ಗಾಳಿ ಎಂದರು. ಎರಡು ನಿಮಿಷದಲ್ಲಿ ಓಣಿಯೆಲ್ಲ ಬಾಗಿಲು ಹಾಕಿತು, ಬಿಸಿಲು ಎದ್ದು ನಾಲ್ಕನೇ ಓಣಿಗೆ ನಡೆಯಿತು.

ಸುನಂದಾ ಕೆಳಗಿಳಿದು ಅವ್ವನನ್ನು ಕೇಳಿದರು. "ನಿಮ್ಮ ಮನ್ಯಾಗ ಕೋಳಿ ಎಲ್ಲಿ ಅದಾವ್ರಿ?"

"ಬರ್ತಾವ," ಎಂದಳು ಅವ್ವ.

"ಯಾರ ಮನೀ ಕೋಳಿ?"

"ಕೋಳಿಗೆ ಮನೀ ಯಾವ್ದು ಅಂತ ಕೇಳ್ಕೋತ ಕುಂದರ್ಲ್ಯಾ? ಚಾ ಕುಡೀತಿಯೇನು?"

ನಾನು ಹುಟ್ಟಿದಾಗಿನಿಂದ ಆ ಕೋಳಿಯ ಮಾತು ಕೇಳುತ್ತಲೇ ಇದ್ದೇನೆ, ಒಂದು ದಿನವೂ ಕೋಳಿ ಎಲ್ಲಿ ಎಂದು ಕೇಳಿರಲಿಲ್ಲ. ಊರಿನಲ್ಲಿ ಯಾರೂ ಕೇಳುವುದಿಲ್ಲ. ಪ್ರತಿ ಓಣಿಯೂ ತನ್ನ ತಾಸು ಮುಗಿಯುವ ಮೊದಲೇ ಬಾಗಿಲು ಹಾಕುತ್ತದೆ, ಏನೋ ಒಂದು ನೆವ ಹೇಳುತ್ತದೆ. ಉಳಿದ ಹೊತ್ತೆಲ್ಲ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ಕುಂಬಾರರ ಓಣಿಯಲ್ಲಿ ಸೇರುತ್ತದೆ. ಹಸಿ ಗಡಿಗೆಗೆ ಬಿಸಿಲು ಬೇಕು, ಗಡಿಗೆ ಊರಿಗೆಲ್ಲ ಬೇಕು. ಕೊಟ್ಟೆವು ಎಂದು ಬಾಯಿಬಿಟ್ಟು ಹೇಳುವುದು ನಮ್ಮಲ್ಲಿ ಹೊಲಸು ಮಾತು. ಆದ್ದರಿಂದ ಸಹಾಯಕರು ಬಂದು ಎಷ್ಟು ಹೊತ್ತು ಎಂದು ಕೇಳಿದಾಗ ಎಲ್ಲರೂ ಬೋರ್ಡಿನಲ್ಲಿದ್ದದ್ದನ್ನೇ ಹೇಳಿದ್ದರು. ಅದು ಸುಳ್ಳು ಎಂದು ಯಾರಿಗೂ ಅನಿಸಿರಲಿಲ್ಲ. ನನಗೂ ಅನಿಸಿರಲಿಲ್ಲ, ನಾನೂ ಒಂದು ತಾಸು ಎಂದು ಬರೆಸಿದ್ದೆ.

ಸುನಂದಾ ಕಟ್ಟೆಯ ಮೇಲೆ ಕೂತರು. ಶೇಂಗಾ ತಿಂದರು. ಆಮೇಲೆ, "ನಾನು ಕಾಗದ ನೋಡಿದೆ, ಓಣಿ ನೋಡಲಿಲ್ಲ ಗುರುಪಾದ. ಹನ್ನೆರಡ್ ವರ್ಷ ಈ ಕೆಲ್ಸ ಮಾಡಿದ ಮ್ಯಾಲೆ ಇಂಥಾ ತಪ್ಪು," ಎಂದರು. ನಾನು ಸಮಾಧಾನ ಹೇಳಲಿಲ್ಲ. ತಪ್ಪು ಅವರದೇ ಆಗಿತ್ತು. ಪಂಪಿಗೆ ಮೂರರಲ್ಲಿ ಒಂದು ಪಾಲು ಕರೆಂಟು ಕಡಿಮೆ ಬಿದ್ದರೆ ಆ ದೊಡ್ಡ ಪಂಪು ಕಡಿಮೆ ನೀರು ಎತ್ತುವುದಿಲ್ಲ, ಎತ್ತುವುದೇ ಇಲ್ಲ. ಬಾಯ್ಲರ್ ನಿಂತ ಮರುದಿನ ಊರು ಕೊಡ ಹಿಡಿದು ಎರಡು ಮೈಲಿ ನಡೆಯಬೇಕಾಗುತ್ತಿತ್ತು.

ಅಲ್ಲಿಂದ ಮುಂದೆ ಅವರು ಮಾಡಿದ ಕೆಲಸ ನೋಡಿ ನನ್ನ ನಗು ನಿಂತಿತು. ಎರಡನೇ ಸಲ ಸಮೀಕ್ಷೆಗೆ ಸಹಾಯಕರನ್ನು ಕರೆಸಲಿಲ್ಲ. ತಾವೇ ಕುಂಟುತ್ತ ಹತ್ತು ಓಣಿಗಳ ಮನೆಮನೆಗೆ ಹೋದರು. ಬಿಸಿಲಿನ ಮಾತೇ ತೆಗೆಯಲಿಲ್ಲ. "ಹಗಲಿನ್ಯಾಗ ಬಾಗ್ಲಾ ಯಾವಾಗ ಹಾಕ್ತೀರಿ?" ಎಂದಷ್ಟೇ ಕೇಳಿದರು. ಜನ ಸಲೀಸಾಗಿ ಹೇಳಿದರು. ಬೆಕ್ಕು ಬರುವ ಹೊತ್ತಿಗೆ, ಅತ್ತೆ ಮಲಗುವ ಹೊತ್ತಿಗೆ, ಮಗ್ಗದ ಧೂಳು ಏಳುವ ಹೊತ್ತಿಗೆ. ಐದನೇ ಓಣಿಯ ಹುಸೇನಬಿ, "ನಮ್ಮನ್ಯಾವ್ರ ಮಾರಿ ಮಂದಿ ನೋಡಬಾರ್ದಂತ ಹಾಕ್ತೀನಿ ನೋಡವ್ವಾ," ಎಂದು ಒಳಗಿದ್ದ ಗಂಡನಿಗೆ ಕೇಳುವ ಹಾಗೆ ಹೇಳಿದಳು. ಸುನಂದಾ ನೆವವನ್ನೂ ಬರೆದುಕೊಂಡರು, ಹೊತ್ತನ್ನೂ ಬರೆದುಕೊಂಡರು. ನಾಲ್ಕು ದಿನಕ್ಕೆ ಲೆಕ್ಕ ಸಿಕ್ಕಿತು. ಹತ್ತು ಓಣಿಗಳು ಒಂದೊಂದೂ ನಲವತ್ತು ನಿಮಿಷ ಇಟ್ಟುಕೊಂಡು ಇಪ್ಪತ್ತು ನಿಮಿಷ ಬಿಡುತ್ತಿದ್ದವು. ಬಿಸಿಲು ಕುಂಬಾರರ ಓಣಿಗೆ ಐದಕ್ಕಲ್ಲ, ಒಂದು ನಲವತ್ತಕ್ಕೇ ಬಂದು ಆರರವರೆಗೆ ಕೂಡುತ್ತಿತ್ತು.

ಪುರಸಭೆಯ ಫೋನಿನಿಂದ ಅವರು ನಿರ್ದೇಶಕರ ಜೊತೆ ಮಾತಾಡುವಾಗ ನಾನು ಅಲ್ಲೇ ಇದ್ದೆ. ನಿರ್ದೇಶಕರ ಧ್ವನಿ ಹೊರಗೆ ಕೇಳುತ್ತಿತ್ತು. "ಪುಸ್ತಕ ಛಾಪಾಗಿದೆ ಸುನಂದಾ. ಮುಂದಿನ ವಾರ ಮಂತ್ರಿಗಳು ಬಿಡುಗಡೆ ಮಾಡುತ್ತಾರೆ. ಒಂದು ಅಡಿಟಿಪ್ಪಣಿ ಹಾಕೋಣ."

"ಅಡಿಟಿಪ್ಪಣಿಯಿಂದ ನೀರು ಮೇಲೆ ಏರುವುದಿಲ್ಲ ಸರ್."

"ನಿಮ್ಮದೇ ಅಧ್ಯಾಯ ನೀವೇ ತಪ್ಪು ಅಂದರೆ ಉಳಿದ ಹದಿಮೂರು ಊರಿನವರು ನಮ್ಮನ್ನು ನಂಬುತ್ತಾರಾ?"

"ನಂಬದಿದ್ದರೆ ಅವರೂ ಒಮ್ಮೆ ಮಾಳಿಗೆ ಹತ್ತಿ ನೋಡಲಿ. ಒಳ್ಳೆಯದೇ," ಎಂದು ಫೋನು ಇಟ್ಟರು. ಸಂಸ್ಥೆಯವರು ಅವರ ಅಧ್ಯಾಯವನ್ನೂ ಹೆಸರನ್ನೂ ತೆಗೆದು ಹದಿಮೂರು ಊರುಗಳ ಪುಸ್ತಕ ಮಾಡಿದರು. ಯುಗಾದಿಯ ನಂತರ ನಿಮಗೆ ಇಲ್ಲಿ ಕೆಲಸ ಇರುವುದಿಲ್ಲ ಎಂಬ ಕಾಗದವೂ ಬಂತು. ನಮ್ಮ ಇಪ್ಪತ್ತಾರು ಜನರ ಪಟ್ಟಿಗೆ ಇಪ್ಪತ್ತೇಳನೆಯವರು ಸೇರಿದಂತಾಯಿತು. ಆದರೆ ಆಗ ಆ ಮಾತು ಯಾರೂ ತಮಾಷೆಗೂ ಆಡಲಿಲ್ಲ.

ಇಷ್ಟರವರೆಗೆ ಅವರು ಮಾಡಿದ್ದೆಲ್ಲ ಸರಿ. ಎರಡನೇ ತಪ್ಪು ಮಾಡಿದ್ದು ಪುರಸಭೆಯ ಸಭೆಯಲ್ಲಿ. ಹನ್ನೊಂದು ಓಣಿಯವರೂ ಬಂದಿದ್ದರು. ಸುನಂದಾ ಎದ್ದು ನಿಂತು, ನಾನು ಕೊಟ್ಟ ಲೆಕ್ಕ ತಪ್ಪು, ತಪ್ಪು ನನ್ನದು, ಎಂದು ಸುತ್ತು ಬಳಸಿಲ್ಲದೆ ಹೇಳಿದರು. ದೊಡ್ಡ ಹಾಳೆಯಲ್ಲಿ ಹೊಸ ಲೆಕ್ಕ ಬರೆದು ಗೋಡೆಗೆ ಹಚ್ಚಿದರು. ಯಾವ ಓಣಿ ಯಾವಾಗ ಬಾಗಿಲು ಹಾಕುತ್ತದೆ, ಬಿಸಿಲು ಎಲ್ಲಿ ಎಷ್ಟು ಹೊತ್ತು. ಕೊನೆಯ ಸಾಲಿನಲ್ಲಿ ಕುಂಬಾರರ ಓಣಿ, ನಾಲ್ಕು ತಾಸು ಇಪ್ಪತ್ತು ನಿಮಿಷ. ಪ್ಯಾನೆಲ್‌ಗಳನ್ನು ಹತ್ತು ಓಣಿಗಳಿಗೆ ಹಂಚುವ ಬದಲು ಕುಂಬಾರರ ಮಾಳಿಗೆಗಳ ಮೇಲೇ ಹಾಕೋಣ ಎಂದರು. ಲೆಕ್ಕದ ಪ್ರಕಾರ ಅದು ಸರಿಯಾಗಿತ್ತು.

ಮೊದಲು ಬಾಯಿಬಿಟ್ಟವಳು ನಮ್ಮವ್ವ. "ಏ ಸುನಂದಾ, ಕಲ್ತಾಕಿ ಹೌದೋ ಅಲ್ಲೋ ನೀ? ಮಂದಿ ಬಾಗ್ಲಾ ಹಾಕ್ಕೊಂಡಿದ್ದನ್ನ ಎಣಿಸಿ ಗ್ವಾಡಿಗೆ ಹಚ್ತಾರೇನು?"

ಹಿಂದಿನ ಸಾಲಿನಿಂದ ಬಸಲಿಂಗಪ್ಪ ಎದ್ದ. ಕುಂಬಾರರ ಓಣಿಯ ಹಿರಿಯ, ಎಪ್ಪತ್ತರ ಹತ್ತಿರದ ಮನುಷ್ಯ, ತಿಗರಿಯ ಚಕ್ರ ತಿರುಗಿಸಿ ತಿರುಗಿಸಿ ಭುಜ ಒಂದು ಕಡೆ ಬಾಗಿತ್ತು. ಬಿಸಿಲಿಗೆ ವಯಸ್ಸಾಗಿದೆ, ಅದಕ್ಕೇ ಕೊನೆಯ ಓಣಿಯಲ್ಲಿ ಹೆಚ್ಚು ಹೊತ್ತು ಕೂಡುತ್ತದೆ ಎಂದು ಆ ಓಣಿಯಲ್ಲಿ ಮಕ್ಕಳಿಗೆ ಹೇಳುತ್ತಾರೆ. ಅವನೂ ಅದನ್ನು ನಂಬಿಕೊಂಡಿದ್ದ. ಹಾಳೆಯ ಹತ್ತಿರ ಹೋಗಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ಹಂಗಂದ್ರ ನಮ್ಮಪ್ಪ, ನಾನು, ನನ್ನ ಮಕ್ಕಳು, ಎಲ್ಲಾರೂ ಮಂದೀ ಬಿಸಲ ತಿಂದ ಬದುಕಿದಂಗಾತು. ಹೌದಿಲ್ಲ?"

"ಹಂಗಲ್ಲ ಕಾಕಾ," ಎಂದರು ಸುನಂದಾ.

"ನೀನ ಬರದೀಯಲ್ಲ. ಬೋರ್ಡಿನ್ಯಾಗ ನಮ್ಮದು ಒಂದ್ ತಾಸ. ಒಂದ್ ತಾಸ ಸಾಕು." ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಅವನ ಓಣಿಯವರೆಲ್ಲ ಅವನ ಹಿಂದೆ ಎದ್ದು ಹೋದರು. ಪ್ಯಾನೆಲ್ ಹಾಕಲು ಒಬ್ಬರೂ ಒಪ್ಪಲಿಲ್ಲ.

ಮರುದಿನ ನಾನು ಹಗಲು ಪಾಳಿಯಲ್ಲಿದ್ದೆ. ಮಧ್ಯಾಹ್ನ ಎರಡು ನಲವತ್ತಕ್ಕೆ ಬಾಯ್ಲರ್ ಮನೆಯ ಕಿಟಕಿಯ ಗಾಜು ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಒತ್ತಡ ಏರಿ ಏನೋ ಸಿಡಿಯಿತು ಎಂದುಕೊಂಡು ಹೊರಗೆ ಓಡಿದೆ. ನಮ್ಮ ಬಾಯ್ಲರಿನ ಐವತ್ತು ವರ್ಷದ ಬೂದಿ ಸುರಿದು ಸುರಿದು ಆಗಿರುವ ದೊಡ್ಡ ಬಯಲು ಅಲ್ಲಿದೆ, ಹುಲ್ಲೂ ಬೆಳೆಯುವುದಿಲ್ಲ. ಆ ಬಯಲಿನ ಮೇಲೆ ಬಿಸಿಲು ಬಿದ್ದಿತ್ತು. ಕುಂಬಾರರ ಓಣಿಯವರು ಒಂದು ತಾಸು ಮುಗಿಯುತ್ತಲೇ ಬಾಗಿಲು ಹಾಕಿದ್ದರು. ಬಿಸಿಲಿಗೆ ಮುಂದೆ ಓಣಿ ಇರಲಿಲ್ಲ, ಬೂದಿಯ ಮೇಲೆ ಬಂದು ನಿಂತಿತ್ತು. ಹಿಂದೆ ಎಂದೂ ಹಾಗಾದದ್ದಿಲ್ಲ, ಆ ಓಣಿ ಹಗಲಿನಲ್ಲಿ ಬಾಗಿಲು ಹಾಕಿದ್ದೇ ಇಲ್ಲ. ಪಾಳಿಯವರೆಲ್ಲ ಹೊರಗೆ ಬಂದು ಕಣ್ಣು ಕಿರಿದು ಮಾಡಿ ನಿಂತರು. ಡ್ಯೂಟಿಯ ಹೊತ್ತಿನಲ್ಲಿ ಬೆನ್ನಿಗೆ ಬಿಸಿಲು ಬಿದ್ದದ್ದು ನಮಗೆ ಅದೇ ಮೊದಲು. ಹಿರಿಯ ಫಿಟ್ಟರ್ ಯಂಕಪ್ಪ ಅಂಗಿ ಬಿಚ್ಚಿ ಬೂದಿಯ ಮೇಲೇ ಕೂತ. "ಇದು ಯಾರ ಓಣೀ ಬಿಸಲೋ?" ಎಂದ.

ಸುನಂದಾ ಸಂಜೆಯ ಹೊತ್ತಿಗೆ ಬಂದು ಬಯಲಿನ ಉದ್ದ ಅಗಲ ಹೆಜ್ಜೆ ಹಾಕಿ ಅಳೆದರು. ಎಲ್ಲ ಪ್ಯಾನೆಲ್ ಹಾಕಿ ಇನ್ನೂ ಜಾಗ ಮಿಗುತ್ತಿತ್ತು. ಬಿಸಿಲು ಮೂರು ತಾಸು ಇಪ್ಪತ್ತು ನಿಮಿಷ. ಪಂಪಿಗೆ ಸಾಕಾಗಿ ಉಳಿಯುತ್ತಿತ್ತು. ಇನ್ನೇನು, ಸಿಕ್ಕಿತಲ್ಲ ಎಂದು ನಾನಂದೆ. ಅವರು ಹೆಜ್ಜೆ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಸಿಟ್ಟಿನ್ಯಾಗ ಬಿಟ್ಟ ಬಿಸಲ ಇದು. ಇದನ್ನ ತಗೊಂಡ್ ಪಂಪ್ ನಡಸಲ್ಯಾ?" ಎಂದರು.

ಕುಂಬಾರರು ಹಟ ಬಿಡಲಿಲ್ಲ. ಮೂರು ದಿನ ಅದೇ ಒಂದು ತಾಸು. ನಾಲ್ಕನೇ ದಿನ ಭಟ್ಟಿ ಹಾಕಿದಾಗ ಅರೆಹಸಿಯಾಗಿದ್ದ ಗಡಿಗೆಗಳು ಒಳಗೇ ಪಟಪಟ ಒಡೆದವು. ಸದ್ದು ಬಾಯ್ಲರ್ ಮನೆಯವರೆಗೆ ಕೇಳಿತು. ಸುನಂದಾ ಅದೇ ಮಧ್ಯಾಹ್ನ ಬಸಲಿಂಗಪ್ಪನ ಮನೆಗೆ ಹೊರಟರು. ಒಬ್ಬರೇ ಬೇಡ ಎಂದು ನಾನೂ ಹೋದೆ. ಅಂಗಳದಲ್ಲಿ ಬಸಲಿಂಗಪ್ಪನ ಸೊಸೆ ತಂಗೆವ್ವ ಒಡೆದ ಚೂರು ಗುಡಿಸುತ್ತಿದ್ದಳು. ಭಟ್ಟಿಯ ಕೆಲಸವೆಲ್ಲ ನೋಡುವವಳು ಅವಳೇ. ಮುದುಕ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಬಾ ಯವ್ವಾ," ಎಂದಳು ತಂಗೆವ್ವ, ಪೊರಕೆ ನಿಲ್ಲಿಸದೆ. "ಇನ್ನೇನ್ ಎಣಿಸೂದು ಉಳದೈತಿ? ಚೂರ ಅದಾವ ನೋಡು, ಎಣಿಸು."

"ತಪ್ಪಾಗೇತಿ ಅಂತ ಹೇಳಾಕ ಬಂದೇನಿ. ಹಾಳಿ ಗ್ವಾಡಿಗೆ ಹಚ್ಚಬಾರ್ದಿತ್ತು. ನಿಮ್ಮನ್ನ ಮೊದ್ಲ ಬಂದು ಕೇಳಬೇಕಿತ್ತು."

"ಈಗ ಕೇಳು."

ಸುನಂದಾ ನೆಲದ ಮೇಲೆ ಕೂತರು. ಆ ಮೊಣಕಾಲಿನಲ್ಲಿ ಕೂಡುವುದು ಸುಲಭವಲ್ಲ, ಗೋಡೆ ಹಿಡಿದು ಕೂತರು. "ಗಡಿಗಿ ಒಣಗಾಕ ಎಷ್ಟ್ ಹೊತ್ತ ಬೇಕು?"

"ಎರಡೂವರಿ ತಾಸ."

"ಬಿಸಲ ನಾಕ್ ತಾಸಿನ ಮ್ಯಾಲಿರ್ತಿತ್ತಲ್ಲ. ಉಳದಿದ್ದು?"

"ಉಳದಿದ್ದಕ್ಕ ಗೋಣಿತಟ್ಟು ಹೊದಿಸ್ತೀವಿ. ಭಾಳ ಬಿಸಲಾದ್ರ ಸೀಳ್ತಾವ ಗಡಿಗಿ. ದಿನಾ ತಟ್ಟು ಹೊತ್ತು ಹೊತ್ತು ನನ್ನ ಸೊಂಟ ಬಿದ್ದೈತಿ."

"ಇದನ್ನ ಯಾರ್ಗೂ ಹೇಳಿಲ್ಲೇನು?"

"ಯಾರ್ ಕೇಳ್ಯಾರ? ಬಂದ ಬಿಸಲಿಗೆ ಬ್ಯಾಡ ಅಂತ ಹೆಂಗ ಅನ್ನೂದು?"

ನನಗೆ ನಗು ಬಂತು, ತಡೆದುಕೊಂಡೆ. ಹತ್ತು ಓಣಿಗಳು ಇಲ್ಲದ ಕೋಳಿ ಬೆಕ್ಕು ಹೇಳಿ ಬಿಟ್ಟುಕೊಟ್ಟ ಬಿಸಿಲಿನಿಂದ ಗಡಿಗೆ ಉಳಿಸಿಕೊಳ್ಳಲು ಈ ಹೆಂಗಸು ಗೋಣಿತಟ್ಟು ಹೊತ್ತಿದ್ದಳು. ಸುನಂದಾ ನಗಲಿಲ್ಲ, ನೋಟುಬುಕ್ಕನ್ನೂ ತೆಗೆಯಲಿಲ್ಲ. ಬೂದಿ ಬಯಲಿನ ವಿಷಯ ಹೇಳಿದರು. ನೀವು ಎರಡೂವರೆ ತಾಸು ಇಟ್ಟುಕೊಂಡು ಆಮೇಲೆ ಬಾಗಿಲು ಹಾಕಿದರೆ ಒಂದು ತಾಸು ಐವತ್ತು ನಿಮಿಷ ಆ ಬಯಲಿಗೆ ಬರುತ್ತದೆ, ಅಲ್ಲಿ ಪ್ಯಾನೆಲ್ ಹಾಕಬಹುದು, ಪಂಪು ಪೂರ್ತಿ ನಡೆಯುವುದಿಲ್ಲ ಆದರೆ ಹತ್ತಿರ ಬರುತ್ತದೆ ಎಂದರು.

ಒಳಗಿನಿಂದ ಮುದುಕನ ಧ್ವನಿ ಬಂತು. "ಆ ಬೂದಿ ಮ್ಯಾಲೆ ಬಿದ್ದ ಬಿಸಲ ಯಾರ್ದು?"

"ನೀವು ಬಾಗ್ಲಾ ಹಾಕಿದ್ದಕ್ಕ ಬಂದೈತಿ ಕಾಕಾ."

"ನೀರು ಯಾವ ಓಣಿಗೆ?"

"ಹನ್ನೊಂದಕ್ಕೂ."

ನಾವು ಎದ್ದೆವು. ಸುನಂದಾ ಹೂಂ ಅನಿಸಿಕೊಳ್ಳಲು ಕಾಯಲಿಲ್ಲ, ಅದು ನನಗೆ ಸರಿ ಅನಿಸಿತು. ಮರುದಿನ ಕುಂಬಾರರ ಓಣಿ ಎರಡು ನಲವತ್ತಕ್ಕೆ ಬಾಗಿಲು ಹಾಕಲಿಲ್ಲ. ನಾಲ್ಕು ಹತ್ತಕ್ಕೆ ಬಸಲಿಂಗಪ್ಪ ಕಟ್ಟೆಯ ಮೇಲೆ ನಿಂತು, "ಏ ತಂಗೆವ್ವಾ, ನಾಯಿ ಬರ್ತಾವ ಬಾಗ್ಲಾ ಹಾಕ," ಎಂದು ಓಣಿಗೆಲ್ಲ ಕೇಳುವಂತೆ ಕೂಗಿದನಂತೆ. ಎಪ್ಪತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ನೆವ. ಅವ್ವನಿಗೆ ಈ ಸುದ್ದಿ ಮುಟ್ಟಿದಾಗ, "ನಾಯಿ ಅಂದನಾ? ಭೇಷ್," ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಪ್ಯಾನೆಲ್‌ಗಳ ಸಂಖ್ಯೆ ಬದಲಾಗಿರಲಿಲ್ಲ, ಜಾಗ ಮಾತ್ರ ಬದಲಾಗಿತ್ತು, ಹೀಗಾಗಿ ಮಂಜೂರಾತಿಗೆ ತೊಂದರೆಯಾಗಲಿಲ್ಲ. ಬೂದಿಯಲ್ಲಿ ಕಂಬ ನೆಡುವ ಕೆಲಸ ನಮ್ಮ ಇಪ್ಪತ್ತಾರು ಜನರಿಗೇ ಕೊಡಿಸಬೇಕೆಂದು ಸುನಂದಾ ಮೂರು ಸಲ ರಾಜಧಾನಿಗೆ ಓಡಾಡಿದರು. ಹೊರಗಿನ ಗುತ್ತಿಗೆದಾರ ಬಂದರೆ ಬಾಯ್ಲರಿನವರು ಎಲ್ಲಿಗೆ ಹೋಗಬೇಕು ಎಂದು ಪ್ರತಿ ಮೇಜಿನ ಮುಂದೆಯೂ ಕೇಳಿದರಂತೆ. ಕೆಲಸ ಹೋಗಲಿದ್ದ ಹೆಂಗಸು ನಮ್ಮ ಕೆಲಸಕ್ಕಾಗಿ ಬಸ್ಸು ಹತ್ತುತ್ತಿದ್ದಳು. ಇಪ್ಪತ್ತೆರಡು ಜನರಿಗೆ ಸಿಕ್ಕಿತು, ನಾಲ್ವರಿಗೆ ಸಿಗಲಿಲ್ಲ. ಅದನ್ನೂ ಅವರೇ ಬಂದು ಎದುರಿಗೆ ನಿಂತು ಹೇಳಿದರು. ಸಿಗದ ನಾಲ್ವರಲ್ಲಿ ಯಂಕಪ್ಪ ಒಬ್ಬ. ಅವರನ್ನು ಬಾಯಿಗೆ ಬಂದಂತೆ ಬೈದ. ಅವರು ಪೂರ್ತಿ ಕೇಳಿಸಿಕೊಂಡರು.

ಆ ತಿಂಗಳಿನಲ್ಲೇ ಇನ್ನೊಂದು ಸಂಗತಿ ನಡೆಯಿತು. ಹತ್ತು ಓಣಿಗಳೂ ತಲಾ ಐದು ನಿಮಿಷ ಮೊದಲೇ ಬಾಗಿಲು ಹಾಕತೊಡಗಿದವು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ. ಬಿಸಿಲು ಕುಂಬಾರರಲ್ಲಿಗೆ ಹನ್ನೆರಡು ಐವತ್ತಕ್ಕೆ, ಬೂದಿಗೆ ಮೂರು ಇಪ್ಪತ್ತಕ್ಕೆ ಬಂತು. ಎರಡು ತಾಸು ನಲವತ್ತು ನಿಮಿಷ. ಸುನಂದಾ ಈ ಸಲ ಹಾಳೆ ಎಲ್ಲಿಗೂ ಹಚ್ಚಲಿಲ್ಲ. ಕೂಡಿಸಿ ನೋಡಿ, ಊರಿನ ನೀರಿನ ಟ್ಯಾಂಕು ತುಂಬಬೇಕು ಎಂದರು. ತುಂಬುತ್ತದೆ ಎನ್ನಲಿಲ್ಲ.

ಯುಗಾದಿ ಮುಗಿದ ಸೋಮವಾರ ಬೆಳಿಗ್ಗೆ ಬಾಯ್ಲರಿನ ಉರಿ ತೆಗೆದೆವು. ಒತ್ತಡದ ಮುಳ್ಳು ಇಳಿದು ಸೊನ್ನೆಗೆ ಬರಲು ಮಧ್ಯಾಹ್ನವಾಯಿತು. ಕೊನೆಯ ವಾಲ್ವು ತಿರುಗಿಸಿದ್ದು ನಾನೇ. ಅಳು ಗಿಳು ಏನೂ ಬರಲಿಲ್ಲ. ಕಿವಿಯಲ್ಲಿ ಹದಿಮೂರು ವರ್ಷದಿಂದ ಇದ್ದ ಸದ್ದು ಹೋಯಿತು, ಅದು ವಿಚಿತ್ರ ಅನಿಸಿತು, ಅಷ್ಟೇ. ಮೂರು ಗಂಟೆಗೆ ಊರಿನ ಅರ್ಧ ಜನ ಪಂಪ್ ಮನೆಯ ಮುಂದೆ ಇದ್ದರು. ಬಸಲಿಂಗಪ್ಪ ಇರಲಿಲ್ಲ, ಅವನಿಗೆ ಬಾಗಿಲ ಕೆಲಸ ಇತ್ತು. ಮೂರು ಇಪ್ಪತ್ತಕ್ಕೆ ಬಿಸಿಲು ಬೂದಿ ಬಯಲಿಗೆ ಬಂತು. ಪಂಪು ಎರಡು ಸಲ ಕೆಮ್ಮಿ ತಿರುಗಿತು. ಜನ ಸಿಳ್ಳೆ ಹಾಕಿದರು. ಸುನಂದಾ ಸಿಳ್ಳೆಯ ಕಡೆ ತಿರುಗಲಿಲ್ಲ. ಟ್ಯಾಂಕಿನ ನೀರು ಅಳೆಯುವ ಅಡಿಪಟ್ಟಿಯ ಮುಂದೆ ಸ್ಟೂಲು ಹಾಕಿ ಕೂತು ಹತ್ತು ನಿಮಿಷಕ್ಕೊಮ್ಮೆ ಬರೆಯುತ್ತಿದ್ದರು.

ಆರಕ್ಕೆ ಬಿಸಿಲು ಮುಳುಗಿ ಪಂಪು ನಿಂತಾಗ ನೀರು ಒಂಬತ್ತು ಅಡಿಗೆ ಬಂದಿತ್ತು. ಟ್ಯಾಂಕು ಹನ್ನೊಂದು ಅಡಿ. ಒಂಬತ್ತು ಅಡಿ ಎಂದರೆ ಒಂಬತ್ತು ಓಣಿಗೆ ನೀರು, ಎತ್ತರದಲ್ಲಿರುವ ಕೊನೆಯ ಎರಡು ಓಣಿಗೆ ಏರುವುದಿಲ್ಲ. ಪ್ಯಾನೆಲ್ ಮೇಲೆ ಬೂದಿ ಕೂತು ಬಿಸಿಲನ್ನು ತಿಂದಿತ್ತು, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ರಾಜಧಾನಿಯಿಂದ ಬಂದಿದ್ದ ಅಧಿಕಾರಿ ಫೋನಿನಲ್ಲಿ ಮೇಲಿನವರಿಗೆ, ಹೌದು ಸರ್ ತುಂಬಿದೆ ಸರ್, ಎನ್ನುತ್ತಿದ್ದ. ಸುನಂದಾ ಅವನ ತೋಳು ಹಿಡಿದು, "ಒಂಬತ್ತು ಅಡಿ ಅಂತ ಹೇಳಿ," ಎಂದರು. ಅವನು ಕೈಯಿಂದ ಫೋನು ಮುಚ್ಚಿ, ಇವತ್ತೊಂದು ದಿನ ಬಿಡಿ ಎಂದ. "ಒಂಬತ್ತು," ಎಂದರು. ಅವನು ಒಂಬತ್ತು ಎಂದ.

ಕೊನೆಯ ಎರಡು ಓಣಿಯೆಂದರೆ ಹತ್ತನೆಯದು ಮತ್ತು ಕುಂಬಾರರದು. ಎಲ್ಲರಿಗೂ ಅದು ಗೊತ್ತಿತ್ತು. ತಂಗೆವ್ವ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಮುಂದೆ ಬಂದಳು. "ಎರಡ್ ಅಡಿ ಅಂದ್ರ ಎಷ್ಟ್ ಹೊತ್ತಿನ ಬಿಸಲಾತವ್ವಾ?"

ಸುನಂದಾ ನೋಟುಬುಕ್ಕಿನಲ್ಲಿ ಭಾಗಿಸಿದರು, ಮತ್ತೊಮ್ಮೆ ಭಾಗಿಸಿದರು. "ಮೂವತ್ತೈದು ನಿಮಿಷ."

ತಂಗೆವ್ವ ತಲೆಯಾಡಿಸಿ ಹೋದಳು. ಜನ ಕರಗಿದರು. ಅವ್ವ ನನ್ನ ಹತ್ತಿರ ಬಂದು, ಆ ಹೆಂಗಸು ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮನೆಗೆ ಕರೆದುಕೊಂಡು ಬಾ ಎಂದಳು. ಊಟ ಮಾಡುವಾಗ ಸುನಂದಾ ತಮ್ಮ ಮುಂದಿನ ಕೆಲಸದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೂದಿ ಒರೆಸಲು ಒದ್ದೆ ಬಟ್ಟೆ ಒಳ್ಳೆಯದೋ ಒಣ ಬಟ್ಟೆ ಒಳ್ಳೆಯದೋ ಎಂದು ನನ್ನನ್ನು ಕೇಳಿದರು.

ಮರುದಿನ ಊಟದ ನಂತರ ನಾನು ಬೂದಿ ಬಯಲಿನಲ್ಲಿ ಪ್ಯಾನೆಲ್ ಒರೆಸುತ್ತಿದ್ದೆ. ಈಗ ನನ್ನ ಕೆಲಸ ಅದೇ. ಮೂರು ಇಪ್ಪತ್ತರವರೆಗೆ ಸಮಯವಿದೆ ಎಂದು ನಿಧಾನವಾಗಿ ಒರೆಸುತ್ತಿದ್ದೆ. ಇನ್ನೂ ಎರಡು ಸಾಲು ಬಾಕಿ ಇದ್ದವು. ಬೆನ್ನು ಬೆಚ್ಚಗಾಯಿತು. ಎದ್ದು ನೋಡಿದರೆ ಬಯಲಿನ ತುಂಬ ಬಿಸಿಲು. ಗಡಿಯಾರ ನೋಡಿದೆ. ಎರಡು ನಲವತ್ತೈದು, ಮೂವತ್ತೈದು ನಿಮಿಷ ಮೊದಲೇ. ದೂರದಲ್ಲಿ ಸುನಂದಾ ಕುಂಟುತ್ತ, ಎರಡೂ ಕೈಯಲ್ಲಿ ಒಣ ಬಟ್ಟೆ ಹಿಡಿದು, ಉಳಿದ ಎರಡು ಸಾಲಿನ ಕಡೆ ಓಡುತ್ತಿದ್ದರು. ನಾನೂ ಓಡಿದೆ.